ಮೆಟ್ಟಿಲ ಮೇಲೆ ಬಿಟ್ಟ ಬೂಟು

ಲಿಥುವೇನಿಯಾ, ಕಂಪನಿಯ ಅಂಗಳ
ಏಪ್ರಿಲ್ 30, 2018

ಇಲ್ಹೋಮ್ ಎಂಬುವವನಿಗೆ,

ನಿನ್ನ ಜೊತೆ ಒಂದು ಲಾರಿ ಹಂಚಿಕೊಂಡದ್ದಕ್ಕೆ ಇಲ್ಲಿಯವರೆಗೆ ನನಗಾದ ಖರ್ಚು ಹೀಗಿದೆ: ಒಂದು ಬಾಣಲೆ, ಪರದೆಯ ಎರಡು ಕೊಂಡಿ, ಒಂದು ಜೊತೆ ಚಪ್ಪಲಿ, ಅರ್ಧ ಪೊಟ್ಟಣ ಉಪ್ಪು, ಮತ್ತು ನನ್ನ ಮೂಗು. ಮೂಗನ್ನು ಏಕೆ ಸೇರಿಸಿದೆನೆಂದರೆ, ನೀನು ಅದೇನೋ ಒಣಗಿದ ಗಿಡ ಸುಟ್ಟು ಕ್ಯಾಬಿನ್ನಿನ ತುಂಬ ಹೊಗೆ ಹಾಕಿ ಹೋಗಿದ್ದೀಯ. ಹ್ಯಾಂಬರ್ಗ್ ದಾಟುವವರೆಗೂ ನಾನು ಯಾರದೋ ತಿಥಿಗೆ ಹೊರಟವನ ಹಾಗೆ ಕಿಟಕಿ ಇಳಿಸಿಕೊಂಡೇ ಓಡಿಸಿದೆ.

ನಾನು ಓತಾರ್. ಜಾರ್ಜಿಯಾದ ಚಿಯಾತುರಾ ಊರಿನವನು. ನೀನು ಮನೆಗೆ ಹೋದಾಗ ಈ ಲಾರಿ ನಡೆಸುವವನು ನಾನು, ನಾನು ಹೋದಾಗ ನೀನು. ಎರಡೆರಡು ತಿಂಗಳ ಸರದಿ. ಒಂದೇ ಹಾಸಿಗೆಯಲ್ಲಿ ಮಲಗುತ್ತೇವೆ, ಒಬ್ಬರ ಮುಖ ಇನ್ನೊಬ್ಬರು ಕಂಡಿಲ್ಲ. ಮದುವೆಯಾದ ಎಷ್ಟೋ ಜನರ ಪಾಡೂ ಇದೇ, ಆದರೆ ಅವರಿಗೆ ಬಾಣಲೆಯ ನೆಪದಲ್ಲಾದರೂ ಎದುರೆದುರು ಜಗಳವಾಡುವ ಯೋಗವಿರುತ್ತದೆ.

ಫೋನ್ ಮಾಡಿಯೇ ಬೈಯಬಹುದಿತ್ತು. ಫೋನಿನಲ್ಲಿ ಬೈದರೆ ಆಚೆಯವನು ಕರೆ ಕತ್ತರಿಸುತ್ತಾನೆ. ಬೈಗುಳದ ಕಾಗದವನ್ನು ಅರ್ಧಕ್ಕೆ ಓದಿ ಬಿಟ್ಟವನನ್ನು ನಾನಿನ್ನೂ ಕಂಡಿಲ್ಲ. ಅದಕ್ಕೇ ಇದನ್ನು ಹಾಸಿಗೆಯ ಕೆಳಗಿಟ್ಟು ಹೋಗುತ್ತಿದ್ದೇನೆ. ನಿನ್ನ ರಷ್ಯನ್ ಹೇಗಿದೆಯೋ ಗೊತ್ತಿಲ್ಲ. ನನ್ನದು ಸೈನ್ಯದಲ್ಲಿ ಬೈಸಿಕೊಂಡು ಕಲಿತದ್ದು, ಹಾಗಾಗಿ ಇಂಥ ಕೆಲಸಕ್ಕೆ ಚೆನ್ನಾಗಿ ಒದಗುತ್ತದೆ.

ನನ್ನ ಬಾಣಲೆಯಲ್ಲಿ ಹಂದಿ ಮಾಂಸ ಬೇಯುತ್ತದೆ. ನಿನಗೆ ಆಗದಿದ್ದರೆ ಬೇರೆ ಬಾಣಲೆ ತಂದುಕೋ, ನನ್ನದನ್ನು ಮರಳು ಹಾಕಿ ಉಜ್ಜಿ ಕನ್ನಡಿ ಮಾಡಬೇಡ. ಬೂಟು ಹೊರಗೆ, ಮೆಟ್ಟಿಲ ಮೇಲೆ. ಊರಲ್ಲಿ ನನ್ನ ಮನೆಗೆ ಬೀಗ ಬಿದ್ದಿದೆ, ನನ್ನವು ಅನ್ನುವ ಸಾಮಾನೆಲ್ಲ ಇರುವುದು ಈ ಕ್ಯಾಬಿನ್ನಿನಲ್ಲಿ. ಮನೆಯೊಳಗೆ ಬರುವ ಹಾಗೆ ಬಾ. ಬಿಸಿಲು ತಡೆಯುವ ಹಲಗೆಗೆ ಸಿಕ್ಕಿಸಿದ ಹೆಂಗಸಿನ ಫೋಟೊ ಮುಟ್ಟಬೇಡ.

ಇಷ್ಟೇ.

ಓತಾರ್


ಅದೇ ಅಂಗಳ
ಜೂನ್ 30, 2018

ಗೌರವಾನ್ವಿತ ಓತಾರ್ ಅಣ್ಣನವರಿಗೆ ಇಲ್ಹೋಮ್ ಮಾಡುವ ಸಲಾಮು.

ನಿಮ್ಮ ಆರೋಗ್ಯ ಹೇಗಿದೆ, ಬೆನ್ನು ಹೇಗಿದೆ, ಮನೆಮಂದಿ ಸುಖವೇ? ಕಾಗದ ಪೂರ್ತಿ ಓದಿದೆ. ಎರಡು ಸಲ.

ಹೊಸ ಬಾಣಲೆ ತಂದಿದ್ದೇನೆ, ಹಿಡಿಗೆ ನೀಲಿ ದಾರ ಕಟ್ಟಿದ್ದು ನನ್ನದು. ಚಪ್ಪಲಿಯ ಮಾತು ನಿಜ ಹೇಳುತ್ತೇನೆ. ನೀವು ಹೇಳುವ ಮೊದಲಿನಿಂದಲೂ ನಾನು ಮೆಟ್ಟಿಲ ಮೇಲೆಯೇ ಬಿಡುವವನು, ನಮ್ಮಲ್ಲೂ ಹಾಗೇ. ಜರ್ಮನಿಯ ಒಂದು ನಿಲ್ದಾಣದಲ್ಲಿ ಬೆಳಗ್ಗೆ ಎದ್ದಾಗ ನಿಮ್ಮ ಚಪ್ಪಲಿಯೂ ನನ್ನ ಬೂಟೂ ಇರಲಿಲ್ಲ. ಪಕ್ಕದ ಲಾರಿಯ ಬೆಲಾರೂಸಿನವನು ನಕ್ಕು, "ಮಸೀದಿ ಅಂದ್ಕೊಂಡ್ಯಾ ಇದನ್ನ?" ಅಂದ. ಅಲ್ಲಿಂದ ನೆದರ್ಲ್ಯಾಂಡ್ಸಿನವರೆಗೆ ಬರಿ ಕಾಲುಚೀಲದಲ್ಲೇ ಓಡಿಸಿದೆ. ನಿಮ್ಮ ಅಳತೆಯ ಹೊಸ ಜೊತೆ ಸೀಟಿನ ಹಿಂದಿದೆ. ಹಳೆಯದರ ಗುರುತು ಬ್ರೇಕಿನ ಮೇಲಿತ್ತು, ಅಳತೆ ತೆಗೆಯುವುದು ಕಷ್ಟವಾಗಲಿಲ್ಲ.

ಹೊಗೆ ಹಾಕಿದ್ದು ಅಮ್ಮ ಕೊಟ್ಟ ಗಿಡದಿಂದ, ಕಣ್ಣು ತಾಗಬಾರದೆಂದು. ಇನ್ನು ಮುಂದೆ ಹೊರಗೆ ನಿಂತು ಹಾಕುತ್ತೇನೆ. ನಮ್ಮ ಊರು ರಿಷ್ಟಾನ್, ಉಜ್ಬೆಕ್ ನಾಡಿನಲ್ಲಿ. ಮನೆಮನೆಯಲ್ಲೂ ಕುಂಬಾರರು. ತಂದೆಯವರೂ ಕುಂಬಾರರೇ, ನನ್ನ ಕೈ ಮಾತ್ರ ಚಕ್ರಕ್ಕೆ ಒಗ್ಗಲಿಲ್ಲ, ಬೇರೆ ಥರದ ಚಕ್ರ ಹಿಡಿದೆ. ಅವರು ಮಾಡಿದ ಒಂದು ನೀಲಿ ಬಟ್ಟಲನ್ನು ನಿಮಗಾಗಿ ಬಿಟ್ಟಿದ್ದೇನೆ. ಚಹಾಕ್ಕೆ. ನೀವು ಬೇರೆಯದಕ್ಕೆ ಬಳಸಿದರೆ ನಾನು ನೋಡಲಿಲ್ಲ.

ಫೋಟೊ ಮುಟ್ಟಿಲ್ಲ. ಆದರೆ ದಿನಾ ಬೆಳಗ್ಗೆ ಅತ್ತಿಗೆಗೆ ಸಲಾಮು ಹೇಳುತ್ತೇನೆ, ಕೋಪ ಮಾಡಿಕೊಳ್ಳಬೇಡಿ. ಎಷ್ಟೋ ದಿನ ನಾನು ನೋಡುವ ಮನುಷ್ಯರ ಮುಖ ಅದೊಂದೇ. ಅತ್ತಿಗೆ ಊರಲ್ಲೇ ಇದ್ದರೆ ಮನೆಗೆ ಬೀಗ ಏಕೆ, ಅಣ್ಣಾ?

ನಿಮ್ಮ ತಮ್ಮ
ಇಲ್ಹೋಮ್


ಅಂಗಳ
ಆಗಸ್ಟ್ 31, 2018

ತಮ್ಮಾ ಇಲ್ಹೋಮ್,

ಬಟ್ಟಲು ತಲುಪಿತು. ಚಹಾ ಕುಡಿದೆ. ಬೇರೆಯದನ್ನೂ ಕುಡಿದೆ, ನೀನು ನೋಡಲಿಲ್ಲ.

ಬೀಗದ ವಿಷಯ ಕೇಳಿದ್ದೀಯ. ಕೇಳುವುದನ್ನು ಇಷ್ಟು ಮೆತ್ತಗೆ ಕೇಳಿದರೆ ಉತ್ತರ ಕೊಡದೆ ಗತಿಯಿಲ್ಲ.

ಆ ಫೋಟೊದವಳು ಲಾಮಾರಾ. ಐದು ವರ್ಷದಿಂದ ಇಟಲಿಯಲ್ಲಿದ್ದಾಳೆ. ತಾರಾಂತೊ ಊರಿನಲ್ಲಿ ಒಬ್ಬ ಮುದುಕಿಯನ್ನು ನೋಡಿಕೊಳ್ಳುತ್ತಾಳೆ. ನಮ್ಮ ಕಡೆಯ ಹೆಂಗಸರು ಅರ್ಧಕ್ಕರ್ಧ ಹಾಗೇ ಹೋಗಿದ್ದಾರೆ. ನಮ್ಮ ಬೀದಿಯಲ್ಲಿ ಕೊನೆಯ ಸಲ ಬ್ರೆಡ್ಡು ಬೇಯುವ ವಾಸನೆ ಬಂದದ್ದು ಯಾವಾಗ ಅಂತ ಗಂಡಸರು ಕುಳಿತು ವಾದ ಮಾಡುತ್ತಾರೆ. ವೀಸಾ ಮುಗಿದ ಮೇಲೂ ಉಳಿದವಳು, ಹಾಗಾಗಿ ಹೊರಗೆ ಬಂದರೆ ಮತ್ತೆ ಒಳಗೆ ಬಿಡುವುದಿಲ್ಲ. ಮಗಳ ಮದುವೆಯನ್ನು ಫೋನಿನಲ್ಲಿ ನೋಡಿದಳು. ಮಗಳು ತ್ಬಿಲಿಸಿಗೆ ಹೋದ ಮೇಲೆ ಮನೆಯ ಬೀಗದ ಕೈ ಪಕ್ಕದ ಮನೆಯವರ ಹತ್ತಿರ.

ನೀನು ಕೇಳುವ ಮೊದಲೇ ಹೇಳುತ್ತೇನೆ. ಹೌದು, ನಾನೂ ಇಟಲಿಗೆ ಹೋಗುತ್ತೇನೆ. ಮಿಲಾನಿನವರೆಗೆ, ಲಾರಿ ಬಿಟ್ಟು ರೈಲು ಹತ್ತುವಂತಿಲ್ಲ. ಅಲ್ಲಿಂದ ಕೆಳಗೆ ಇಳಿಯಲು ನನಗೆ ಅಂಕ ಸಾಲದು. ನಿನಗೆ ಗೊತ್ತಿರುವುದೇ, ಈ ಲಾರಿಯ ಹೊಟ್ಟೆಯಲ್ಲಿ ಕುಳಿತ ಯಂತ್ರ ನಾವು ಬ್ರೇಕು ಒತ್ತಿದ್ದನ್ನೂ ಡೀಸೆಲ್ ಕುಡಿಸಿದ್ದನ್ನೂ ಎಣಿಸಿ ತಿಂಗಳಿಗೊಮ್ಮೆ ನೂರಕ್ಕೆ ಇಷ್ಟು ಅಂತ ಹಾಕುತ್ತದೆ. ಮೇಲಿರುವವರಿಗೆ ದಕ್ಷಿಣದ ಉದ್ದ ದಾರಿ, ಕೆಳಗಿರುವವರಿಗೆ ಉತ್ತರದ ಬಂದರು, ಹಿಮ, ಹಡಗಿನ ಸಾಲು. ಲೋಡು ಹಂಚುವ ಯೊಲಾಂತಾಳಿಗೆ ನಾನು ಮೂರು ಸಲ ಕೇಳಿದ್ದೇನೆ. ಕೊನೆಯ ಸಲ ಅವಳು, "ಓತಾರ್, ನೀನು ಗುಡ್ಡದ ಮೇಕೆ ಥರ ಓಡಿಸ್ತೀಯ. ಹತ್ತೋವಾಗ ಗುದ್ದು, ಇಳಿಯೋವಾಗ ಬ್ರೇಕು. ನೀನು ತಾರಾಂತೊಗೆ ಹೋಗೋ ಡೀಸೆಲಲ್ಲಿ ನಾನು ನಿನ್ನ ಚಂದ್ರನಿಗೆ ಕಳಿಸ್ತೀನಿ" ಅಂದಳು. ಒಳ್ಳೆಯ ಹುಡುಗಿ. ಲೆಕ್ಕ ಬಲ್ಲವಳ ಜೊತೆ ಜಗಳವಾಡಲು ಬರುವುದಿಲ್ಲ.

ನಾನೂ ಲೆಕ್ಕ ಬಲ್ಲವನೇ. ನಮ್ಮ ಊರಲ್ಲಿ ಕರೆಂಟು ಹೋಗಿ ವರ್ಷಗಟ್ಟಲೆ ಬಾರದಿದ್ದಾಗ ಸೀಮೆಎಣ್ಣೆ ಮಾರಿದೆ, ಕರೆಂಟು ಬಂದ ಮೇಲೆ ಸೂರ್ಯಕಾಂತಿ ಬೀಜ, ಆಮೇಲೆ ಜರ್ಮನಿಯ ಹಳೆ ಟೈರು. ಯಾವುದರಲ್ಲೂ ಮುಳುಗಲಿಲ್ಲ. ಈ ಒಂದು ವ್ಯಾಪಾರ ಮಾತ್ರ ನನಗೆ ಅರ್ಥವಾಗಲಿಲ್ಲ. ಇಬ್ಬರೂ ದುಡಿಯುತ್ತೇವೆ, ಮನೆ ಉಳಿಯಲೆಂದು. ಮನೆಗೆ ಬೀಗ.

ಭಾನುವಾರ ಫೋನ್ ಮಾಡುತ್ತೇನೆ. ಊಟ ಆಯಿತಾ, ಆಯಿತು. ಮಗಳು ಮಾಡಿದ್ದಳಾ, ಮಾಡಿದ್ದಳು. ಆಮೇಲೆ ಇಬ್ಬರೂ ಸಿಗ್ನಲ್ ಸರಿಯಿಲ್ಲ ಅನ್ನುತ್ತೇವೆ. ಸಿಗ್ನಲ್ ಬಂಗಾರದ ಹಾಗಿರುತ್ತದೆ.

ನಿನ್ನ ಕಾಲು ಮೆತ್ತಗಿದೆ, ಪಟ್ಟಿಯಲ್ಲಿ ನಿನ್ನ ಹೆಸರು ಮೇಲಿದೆ ಅಂತ ಕೇಳಿದೆ. ದ್ರಾಕ್ಷಿಯ ಕಾಲ. ನಿನ್ನನ್ನು ತಾರಾಂತೊಗೆ ಕಳಿಸಬಹುದು. ಕಳಿಸಿದರೆ, ಮೇಲಿನ ಗೂಡಿನಲ್ಲಿ ದ್ರಾಕ್ಷಿ ರಸದಲ್ಲಿ ಅದ್ದಿ ಒಣಗಿಸಿದ ಅಕ್ರೋಟಿನ ಸರ ಇದೆ, ಊರಿನದು. ಅವಳಿಗೆ ಕೊಡು. ನಂಬರು ಫೋಟೊದ ಹಿಂದೆ ಬರೆದಿದ್ದೇನೆ. ಈಗ ಫೋಟೊ ಮುಟ್ಟಬಹುದು.

ಓತಾರ್


ಅಂಗಳ
ಅಕ್ಟೋಬರ್ 31, 2018

ಗೌರವಾನ್ವಿತ ಓತಾರ್ ಅಣ್ಣನವರಿಗೆ ಸಲಾಮು.

ಅಕ್ರೋಟಿನ ಸರ ತಲುಪಿತು. ಮೊದಲು ಅದನ್ನೇ ಹೇಳಬೇಕಲ್ಲ.

ತಾರಾಂತೊ ಪಕ್ಕದ ದ್ರಾಕ್ಷಿ ಶೆಡ್ಡಿಗೆ ಮತ್ತೆ ಮತ್ತೆ ಕಳಿಸಿದರು. ಇಟಲಿಯಲ್ಲಿ ಭಾನುವಾರ ದೊಡ್ಡ ಲಾರಿ ಹೊರಡುವಂತಿಲ್ಲ, ಅತ್ತಿಗೆಗೂ ಬಿಡುವು ಭಾನುವಾರ ಮಧ್ಯಾಹ್ನವೇ. ಮೊದಲ ಸಲ ಬಸ್ಸಿಳಿದು ಬಂದವರು ನನ್ನನ್ನು ನೋಡಲೇ ಇಲ್ಲ, ಲಾರಿಯನ್ನು ನೋಡಿದರು. ಸುತ್ತ ಒಂದು ಸುತ್ತು ಬಂದರು. "ಇದರಲ್ಲೇ ಇರ್ತಾನಾ?" ಅಂತ ಕೇಳಿದರು. ಹೌದು ಅಂದೆ. ಮೆಟ್ಟಿಲ ಮೇಲೆ ಬೂಟು ಬಿಚ್ಚಿಟ್ಟರು. ನಾನು ಹೇಳಿರಲಿಲ್ಲ ಅಣ್ಣಾ, ಅವರಾಗಿಯೇ ಬಿಚ್ಚಿದರು.

ಒಳಗೆ ಹೋದವರು ಮೊದಲು ಮಾಡಿದ್ದು ಬೈಯುವುದು. ಹೊದಿಕೆ ಹಿಡಿದು ಮೂಸಿ ನೋಡಿ, "ಹಂದೀನ ಬಾಣಲೇಲಿ ಬೇಯಿಸ್ತಾನೋ ಹೊದಿಕೇಲೋ?" ಅಂದರು. ಪರದೆ ಕಿತ್ತು ನಲ್ಲಿಯ ಹತ್ತಿರ ಒಗೆದರು. ನಿಮ್ಮ ದಪ್ಪ ಅಂಗಿಯ ಗುಂಡಿ, ದಿಂಬಿನ ಚೀಲದ ಹರುಕು, ಎಲ್ಲ ಹೊಲಿದರು. ಉಪ್ಪಿನ ಡಬ್ಬಿ ಎಡಗಡೆಯಿಂದ ಬಲಗಡೆಗೆ ಹೋಯಿತು, ಅಲ್ಲೇ ಇರಬೇಕಂತೆ. ನಾನು ಸಹಾಯಕ್ಕೆ ಹೋದರೆ, "ಏಯ್, ನೀನು ಹೊರಗಿರು" ಅಂದರು. ಚಕ್ರದ ಪಕ್ಕ ಕುಳಿತು ಚಹಾ ಕಾಯಿಸುತ್ತಿದ್ದೆ. ಒಳಗಿನಿಂದ ಹಾಡು ಕೇಳಿಸುತ್ತಿತ್ತು, ಬೈಗುಳ ಕೇಳಿಸುತ್ತಿತ್ತು, ಎರಡೂ ನಿಮ್ಮ ಭಾಷೆಯಲ್ಲಿ. ಆಮೇಲೆ ಎರಡೂ ನಿಂತವು. ಎಷ್ಟು ಹೊತ್ತಾದರೂ ಸದ್ದಿಲ್ಲ. ಬಸ್ಸಿನ ಹೊತ್ತಾಯಿತೆಂದು ಬಾಗಿಲು ತಟ್ಟಿದೆ. ನಿಮ್ಮ ಹಾಸಿಗೆಯಲ್ಲಿ ಮಲಗಿ ನಿದ್ದೆ ಹೋಗಿದ್ದರು. ಮುದುಕಿಯ ಮನೆಯಲ್ಲಿ ರಾತ್ರಿ ನಾಲ್ಕೈದು ಸಲ ಏಳಬೇಕಂತೆ.

"ಅವನಿಗೆ ಹೇಳ್ಬೇಡ, ಮಲಗಿದ್ದೆ ಅಂತ" ಅಂದರು. ಆದರೆ ಮನೆ ನಿಮ್ಮದು. ನಿಮ್ಮ ಮನೆಯಲ್ಲಿ ಯಾರು ಮಲಗಿದ್ದರೆಂದು ನಿಮಗೆ ಹೇಳದಿರುವುದು ನನಗೆ ಸರಿ ಕಾಣಲಿಲ್ಲ.

ಆಮೇಲೆ ಪ್ರತಿ ಸಲ ಬಂದರು. ಪ್ರತಿ ಸಲವೂ ಬೈದರು. ಬರುವ ಮುಂಚೆ ನಾನು ಗುಡಿಸಿಟ್ಟರೆ ಅದಕ್ಕೂ ಮುಖ ಸಿಂಡರಿಸಿದರು. ನಿಮ್ಮ ದಿಂಬನ್ನು ಮಾತ್ರ ಒಗೆಯಲಿಲ್ಲ.

ಇನ್ನೊಂದು ಸುದ್ದಿ. ನಮ್ಮ ಮನೆಯಲ್ಲಿ ಜನವರಿಗೆ ಮಗು ಬರುತ್ತದೆ, ದೇವರು ಕೊಟ್ಟರೆ.

ನಿಮ್ಮ ತಮ್ಮ
ಇಲ್ಹೋಮ್


ಸ್ವೀಡನ್ನಿನ ದಾರಿ, ಹಡಗಿಗೆ ಕಾಯುತ್ತ
ನವೆಂಬರ್ 18, 2018

ತಮ್ಮಾ,

ಈ ಕಾಗದ ಹಾಸಿಗೆಯ ಕೆಳಗಲ್ಲ. ರಿಷ್ಟಾನಿನ ನಿಮ್ಮ ಮನೆಗೇ ಅಂಚೆಗೆ ಹಾಕುತ್ತಿದ್ದೇನೆ, ಏಕೆಂದರೆ ಅಷ್ಟು ದಿನ ಕಾಯುವ ತಾಳ್ಮೆ ನನಗಿಲ್ಲ.

ಮೊದಲ ದಿನ ಉಪ್ಪು ಹುಡುಕಿದೆ, ಎಡಗಡೆ ಇರಲಿಲ್ಲ. ಬಲಗೈ ತಾನಾಗಿ ಬಲಕ್ಕೆ ಹೋಯಿತು. ಊರಿನ ಅಡುಗೆಮನೆಯಲ್ಲೂ ಉಪ್ಪು ಬಲಕ್ಕೇ ಇತ್ತು. ಸ್ವಲ್ಪ ಹೊತ್ತು ಡಬ್ಬಿ ಹಿಡಿದು ಕುಳಿತೆ. ಹಿಂದಿನ ಲಾರಿಯವನು ಹಾರ್ನ್ ಹೊಡೆದ.

ನಿಜ ಹೇಳಲೇ? ಮೊದಲು ನಿನ್ನ ಮೇಲೆ ಹೊಟ್ಟೆ ಉರಿಯಿತು. ಐದು ವರ್ಷದಲ್ಲಿ ನನಗೆ ಒಂದು ಬೈಗುಳ ದಕ್ಕಿಲ್ಲ, ನಿನಗೆ ವಾರವಾರ. ಜೊತೆಗೆ ನಿಲ್ಲುವ ಡ್ರೈವರುಗಳಿಗೆ ಹೇಳಿದರೆ ನಗುತ್ತಾರೆ. "ನಿನ್ನ ಹೆಂಡತಿ ಲಾರೀನ ಪ್ರೀತಿಸ್ತಾಳೆ, ಲಾರಿ ನೋಡ್ಕೋ" ಅಂದ ಒಬ್ಬ ಮೊಲ್ದೋವಾದವನು. ಅವನಿಗೆ ಹೊಡೆಯಬೇಕೆಂದುಕೊಂಡೆ, ಅವನ ಹತ್ತಿರ ಒಳ್ಳೆಯ ಉಪ್ಪಿನಕಾಯಿ ಇತ್ತು, ಬಿಟ್ಟೆ.

ಈಗ ವಿಷಯಕ್ಕೆ ಬರುತ್ತೇನೆ. ನಾನು ಮೇಕೆಯಾಗಿರುವುದನ್ನು ಬಿಟ್ಟಿದ್ದೇನೆ. ಈ ತಿಂಗಳಿಡೀ ಮುಂದಿನ ಲಾರಿಯಿಂದ ದೂರ ಉಳಿದು, ಬ್ರೇಕು ಒತ್ತಲು ಮನಸ್ಸಾದಾಗ ತೊಡೆ ಚಿವುಟಿಕೊಂಡು ಓಡಿಸುತ್ತಿದ್ದೇನೆ. ಇಳಿಜಾರಿನಲ್ಲಿ ಗೇರು ಬಿಟ್ಟು ಉಸಿರು ಹಿಡಿಯುತ್ತೇನೆ. ನನ್ನನ್ನು ಹಿಂದಿಕ್ಕದ ವಾಹನವಿಲ್ಲ, ಮೊನ್ನೆ ಹುಲ್ಲು ಹೇರಿದ ಟ್ರಾಕ್ಟರು ದಾಟಿ ಹೋಯಿತು, ಅದರ ಮೇಲಿನ ಹೆಂಗಸು ಕೈಬೀಸಿದಳು. ಅಂಕ ಏರುತ್ತಿದೆ. ಯೊಲಾಂತಾ, "ನಿನಗೆ ಹುಷಾರಿಲ್ವಾ?" ಅಂತ ಕೇಳಿದಳು. ಹೀಗೇ ಹೋದರೆ ಜನವರಿಯಲ್ಲಿ ಕಿತ್ತಳೆ ತರಲು ತಾರಾಂತೊಗೆ ಹಾಕುತ್ತೇನೆ ಅಂದಿದ್ದಾಳೆ.

ಜನವರಿ ನಿನ್ನ ಸರದಿ. ಅದನ್ನು ನನಗೆ ಕೊಡು. ನಾನು ಊರಿಗೆ ಹೋಗುವುದಿಲ್ಲ, ಬೀಗವನ್ನು ಮಾತನಾಡಿಸಿ ಬರುವುದಕ್ಕೆ ವಿಮಾನ ಏಕೆ? ನೀನು ಮಗುವಿನ ಪಕ್ಕ ಇರು. ಇಬ್ಬರಿಗೂ ಲಾಭವಾಗುವ ವ್ಯಾಪಾರ ನನ್ನ ಜೀವನದಲ್ಲಿ ಇದೇ ಮೊದಲು ಸಿಕ್ಕಿರುವುದು.

ಹೆಣ್ಣಾದರೂ ಗಂಡಾದರೂ ನಿನ್ನ ಕಾಲು ಬರಲಿ, ನನ್ನ ಬಾಯಿ ಬೇಡ.

ಓತಾರ್


ಅಂಗಳ
ಫೆಬ್ರವರಿ 3, 2019

ತಮ್ಮಾ ಇಲ್ಹೋಮ್,

ಗಂಡು ಮಗು ಅಂತ ಯೊಲಾಂತಾ ಹೇಳಿದಳು. ನೀಲಿ ಬಟ್ಟಲಿನಲ್ಲಿ ಅವನ ಹೆಸರಿಗೆ ಕುಡಿದೆ. ನೀನು ನೋಡಲಿಲ್ಲ.

ನೋಡಿದೆ ಲಾಮಾರಾಳನ್ನು. ಕಳೆದ ಭಾನುವಾರ.

ಎಲ್ಲ ಹೇಗಿತ್ತೆಂದು ಹೇಳುತ್ತೇನೆ, ಮೆಚ್ಚುತ್ತೀಯ. ಶುಕ್ರವಾರವೇ ಶೆಡ್ಡು ತಲುಪಿದ್ದೆ. ಎರಡು ದಿನ ಕ್ಯಾಬಿನ್ ತೊಳೆದೆ, ಹೊಸ ಲಾರಿಯ ವಾಸನೆ ಬರುವವರೆಗೆ. ಆ ಹಳೆ ಪರದೆ, ಹೊದಿಕೆ, ಹರಿದು ಹೊಲಿದ ದಿಂಬು, ನಾತದ ಅಂಗಿ ಎಲ್ಲವನ್ನೂ ಕಪ್ಪು ಚೀಲಕ್ಕೆ ತುಂಬಿ ಎಸೆದೆ. ಹೊಸ ಹಾಸಿಗೆ, ಹೊಸ ಪರದೆ, ಬಿಳಿ ದಿಂಬು, ಡಬ್ಬಿಗಳೆಲ್ಲ ಮೊದಲಿನ ಜಾಗಕ್ಕೆ. ಐದು ವರ್ಷದ ಮೇಲೆ ಬರುವ ಹೆಂಗಸನ್ನು ಕೊಳಕಿನಲ್ಲಿ ಕೂರಿಸಿದರೆ ನಮ್ಮಪ್ಪ ಗೋರಿಯಿಂದ ಎದ್ದು ಬಂದು ಒದೆಯುತ್ತಿದ್ದ. ಅತಿಥಿಯನ್ನು ದೇವರು ಕಳಿಸುತ್ತಾನೆ ಅನ್ನುತ್ತೇವೆ ನಾವು. ಲಾರಿಯ ಪಕ್ಕದ ಪೆಟ್ಟಿಗೆಯ ಬಾಗಿಲು ಬಿಚ್ಚಿ ಮೇಜು ಮಾಡಿದೆ, ಮೇಲೆ ಬಿಳಿ ಬಟ್ಟೆ. ಅಕ್ರೋಟು ಅರೆದು ಹಚ್ಚಿದ ಬದನೆಕಾಯಿ, ಬೀನ್ಸು, ಚೀಸ್ ತುಂಬಿದ ರೊಟ್ಟಿ, ಹುರಿದ ಕೋಳಿ. ಎಲ್ಲ ನನ್ನ ಕೈಯದೇ, ಒಂದೇ ಒಲೆಯಲ್ಲಿ.

ಬಂದಳು. ಸ್ವಲ್ಪ ಬಿಳಿಯಾಗಿದ್ದಾಳೆ, ಕೂದಲು ಗಿಡ್ಡ ಮಾಡಿಕೊಂಡಿದ್ದಾಳೆ. ಮೆಟ್ಟಿಲ ಹತ್ತಿರ ಬಗ್ಗಿ ಬೂಟು ಬಿಚ್ಚಲು ಹೋದಳು. "ಬಿಚ್ಚಬೇಡ, ಹಾಗೇ ಬಾ, ನಿನ್ನ ಬೂಟಿಗಿಂತ ನನ್ನ ನೆಲ ಹೆಚ್ಚಾ?" ಅಂದೆ. ಕ್ಯಾಬಿನ್ನಿನ ಒಳಗೆ ಇಣುಕಿ ನೋಡಿದಳು, ಎಲ್ಲ ಹೊಳೆಯುತ್ತಿತ್ತು. ಬೈಯಲಿಲ್ಲ. ಮೆಚ್ಚಿದಳು ಅಂದುಕೊಂಡೆ.

ಮೇಜಿನ ತಲೆಯ ಕಡೆ ಕೂರಿಸಿದೆ. ಬಟ್ಟಲು ಎತ್ತಿ ಹಾರೈಸುವುದರಲ್ಲಿ ನಮ್ಮ ಊರಲ್ಲಿ ನನಗೆ ಸಮ ಇರಲಿಲ್ಲ, ಗೊತ್ತಲ್ಲ, ಗೊತ್ತಿಲ್ಲ, ಈಗ ಹೇಳುತ್ತೇನೆ. ಶಾಂತಿಗೆ ಎತ್ತಿದೆ. ಸತ್ತವರಿಗೆ, ಅವಳ ಅಮ್ಮನಿಗೆ ಬೇರೆಯಾಗಿ. ಹೆತ್ತವರಿಗೆ, ಮಗಳಿಗೆ, ಅಳಿಯನಿಗೆ, ನಿನ್ನ ಮಗನಿಗೆ, ನಿನಗೆ. ಮರುದಿನ ಕುಡಿತ ಹಿಡಿಯುವ ಯಂತ್ರಕ್ಕೆ ಊದಬೇಕಾದವನು, ಬಟ್ಟಲಿನ ತಳ ಒದ್ದೆ ಮಾಡಿಕೊಂಡೆನಷ್ಟೇ. ಕೊನೆಯದು ಅವಳಿಗೆ. ಮನೆ ಉಳಿಸಿದವಳು, ಪರದೇಶದಲ್ಲಿ ಬೆನ್ನು ಬಾಗಿಸಿದವಳು, ಇಂಥ ಹೆಂಗಸು ಇರುವ ಗಂಡಸು ಕೋಟೆ ಇರುವ ರಾಜ, ಹೀಗೆ ತುಂಬ ಹೊತ್ತು ಹೇಳಿದೆ. ಪಕ್ಕದ ಲಾರಿಗಳವರು ಬಂದು ನಿಂತು ಚಪ್ಪಾಳೆ ತಟ್ಟಿದರು. ಅವಳ ಕಣ್ಣಲ್ಲಿ ನೀರು. ಎದ್ದು ತಟ್ಟೆ ತೆಗೆಯಲು ಹೋದಳು, ಕೈ ಹಿಡಿದು ಕೂರಿಸಿದೆ. ಒಂದು ಲೋಟ ತೊಳೆಯಲು ಬಿಡಲಿಲ್ಲ. ಉಪ್ಪು ಕೇಳಿದಳು, ಎದ್ದು ಹೋಗಿ ನಾನೇ ತಂದುಕೊಟ್ಟೆ.

ಆಗ ಬಸ್ಸಿನ ಹೊತ್ತಾಗಿತ್ತು.

ಬಸ್ಸಿನ ಹತ್ತಿರ, "ಚೆನ್ನಾಗಿ ನೋಡ್ಕೊಂಡೆ ಓತಾರ್, ಉಪಕಾರವಾಯ್ತು" ಅಂದಳು.

ಉಪಕಾರವಾಯಿತು ಅನ್ನುವುದು ಅವಳ ಮಾತಲ್ಲ. ಅದೊಂದೇ ಆಗಿನಿಂದ ತಲೆಯೊಳಗೆ ಕುಟ್ಟುತ್ತಿದೆ. ಇರಲಿ. ಮುಂದಿನ ಸಲ ಸರಿಹೋಗುತ್ತದೆ. ಅಂಕ ಇನ್ನೂ ಏರಿದೆ.

ಓತಾರ್


ಅಂಗಳ
ಮಾರ್ಚ್ 31, 2019

ಗೌರವಾನ್ವಿತ ಓತಾರ್ ಅಣ್ಣನವರಿಗೆ ಸಲಾಮು.

ಇದು ನಾನು ಇಲ್ಲಿಡುವ ಕೊನೆಯ ಕಾಗದ. ಊರಿಗೆ ಹೋಗಿ ಅಲ್ಲೇ ಉಳಿಯುತ್ತೇನೆ. ತಂದೆಯವರ ಮಡಕೆಗಳನ್ನು ತಾಷ್ಕೆಂಟಿನ ಅಂಗಡಿಗಳಿಗೆ ಹಾಕಲು ಒಂದು ಸಣ್ಣ ಗಾಡಿ ಸಿಕ್ಕಿದೆ. ರಾತ್ರಿ ಮನೆಗೆ ಬರಬಹುದಾದ ದಾರಿ. ನೀವು ಕೊಟ್ಟ ಆ ಜನವರಿಯಲ್ಲಿ ಮಗನನ್ನು ಎದೆಯ ಮೇಲೆ ಮಲಗಿಸಿಕೊಂಡವನಿಗೆ ಮತ್ತೆ ಇಲ್ಲಿಗೆ ಬರಲು ಕಾಲೇ ಏಳಲಿಲ್ಲ. ಈ ಋಣ ತೀರಿಸಲು ನನಗೆ ದಾರಿ ಗೊತ್ತಿಲ್ಲ.

ಒಂದು ಸಲ ತಾರಾಂತೊಗೆ ಹೋಗಿದ್ದೆ. ಅತ್ತಿಗೆ ಗೇಟಿನವರೆಗೆ ಬಂದರು, ಒಳಗೆ ಬರಲಿಲ್ಲ. ಲಾರಿ ಅಲ್ಲೇ ಇದೆ ಅಂದೆ. "ಅದು ಬೇರೆ ಲಾರಿ ಕಣಪ್ಪ" ಅಂದರು. ನಂಬರು ತೋರಿಸಿದೆ. ನಕ್ಕರು. ಜೊತೆಗಿಟ್ಟಿರುವ ಈ ಲಕೋಟೆ ನಿಮಗೆಂದು ಕೊಟ್ಟರು, ಅಂಟಿಸಿದ್ದು ಹಾಗೇ ಇದೆ, ನಾನು ಬಿಚ್ಚಿಲ್ಲ.

ಎಲ್ಲ ನನ್ನ ತಪ್ಪೇನೋ. ದಿಂಬು ಒಗೆಯಲಿಲ್ಲ ಅಂತ ಬರೆದಿದ್ದೆ, ಏಕೆ ಅಂತ ಬರೆದಿರಲಿಲ್ಲ. ನಿಮಗೆ ಗೊತ್ತಾಗುತ್ತದೆ ಅಂದುಕೊಂಡೆ.

ನೀಲಿ ದಾರದ ಬಾಣಲೆ ನಿಮಗೆ.

ನಿಮ್ಮ ತಮ್ಮ
ಇಲ್ಹೋಮ್


ತಾರಾಂತೊ
ಮಾರ್ಚ್ 10, 2019

ಓತಾರ್,

ಫೋನಿನಲ್ಲಿ ಹೇಳಿದರೆ ನೀನು ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ಊಟ ಚೆನ್ನಾಗಿತ್ತು. ಬದನೆಕಾಯಿಗೆ ಬೆಳ್ಳುಳ್ಳಿ ಜಾಸ್ತಿ. ಆ ದಿನ ಇದನ್ನು ಹೇಳಬೇಕಿತ್ತು, ಹೇಳಲಾಗಲಿಲ್ಲ. ಅತಿಥಿ ಬೆಳ್ಳುಳ್ಳಿಯ ಮಾತು ಆಡುವುದಿಲ್ಲ.

ಐದು ವರ್ಷದಿಂದ ಬೇರೆಯವರ ಲೋಟ ತೊಳೆಯುತ್ತಿದ್ದೇನೆ. ಆ ಉಜ್ಬೆಕ್ ಹುಡುಗ ಇದ್ದಾಗ ಭಾನುವಾರ ಬಂದು ನಿನ್ನ ಲೋಟ ತೊಳೆಯುತ್ತಿದ್ದೆ. ನೀನು ಇರಲಿಲ್ಲ, ನಿಜ. ಆದರೆ ನಿನ್ನ ಕೊಳಕು ಇತ್ತು, ನೀನು ಹೊದಿಕೆಯನ್ನು ಕಾಲಲ್ಲಿ ಒದ್ದು ಮೂಲೆಗೆ ತಳ್ಳಿದ್ದು ಇತ್ತು, ದಿಂಬಿನಲ್ಲಿ ನಿನ್ನ ತಲೆ ಇತ್ತು. ಬೈದರೆ ಯಾರಿಗೆ ಬೈಯುತ್ತಿದ್ದೇನೆಂದು ಗೊತ್ತಿತ್ತು. ಅಲ್ಲಿ ನನಗೆ ನಿದ್ದೆ ಬರುತ್ತಿತ್ತು.

ಆಮೇಲೆ ನೀನು ಬಂದೆ, ಅದನ್ನೆಲ್ಲ ಎಸೆದುಬಿಟ್ಟೆ. ನನ್ನ ಹೊಲಿಗೆಯನ್ನೂ ಎಸೆದೆ. ಬೂಟು ಬಿಚ್ಚಬೇಡ ಅಂದೆ. ಜನರ ಮುಂದೆ ನಿಲ್ಲಿಸಿ ಹೊಗಳಿದೆ, ನಮ್ಮಲ್ಲಿ ಸತ್ತವರನ್ನು ಹೊಗಳುವ ಹಾಗೆ. ನಾನು ಕೂತು ಕೇಳುತ್ತ, ಈ ಹೆಂಗಸು ಯಾರೋ ಪಾಪ, ಒಳ್ಳೆಯವಳಿದ್ದಳು ಅಂದುಕೊಂಡೆ. ಉಪ್ಪು ಬೇಕಿರಲಿಲ್ಲ ನನಗೆ. ಎಲ್ಲಿದೆ ಅಂತ ನೋಡಬೇಕಿತ್ತು. ನೀನು ಎಡಗಡೆಯಿಂದ ತಂದೆ.

ನಿನ್ನ ಮೇಲೆ ಕೋಪವಿಲ್ಲ. ಕೋಪವಿದ್ದಿದ್ದರೆ ಒಳ್ಳೆಯದಿತ್ತು, ನಿನಗೂ ಗೊತ್ತು.

ಇಲ್ಲಿಯ ಮುದುಕಿಗೆ ಈಗ ಮಗಳ ಗುರುತು ಸಿಗುವುದಿಲ್ಲ, ನನ್ನದು ಸಿಗುತ್ತದೆ. ರಾತ್ರಿ ಕೂಗಿದರೆ ನಾನೇ ಹೋಗಬೇಕು. ಈ ಮನೆಯಲ್ಲಿ ಉಪ್ಪು ಎಲ್ಲಿದೆ ಅಂತ ಕತ್ತಲಲ್ಲೂ ಗೊತ್ತು ನನಗೆ. ಇವಳು ಹೋದರೆ ಇವಳ ತಂಗಿ ಇದ್ದಾಳೆ, ಕೇಳಿದ್ದಾರೆ, ಆಗಲಿ ಅಂದಿದ್ದೇನೆ. ಊರಿಗೆ ಬರುವ ಮಾತು ಇನ್ನು ನಾವು ಆಡುವುದು ಬೇಡ. ಮಗಳಿಗೆ ನಾನೇ ಹೇಳುತ್ತೇನೆ.

ಭಾನುವಾರ ಬರುವುದಿಲ್ಲ. ಕಾಯಬೇಡ.

ಬೆನ್ನಿಗೆ ಬಿಸಿನೀರಿನ ಚೀಲ ಇಟ್ಟುಕೋ.

ಲಾಮಾರಾ


ತಾರಾಂತೊ, ದ್ರಾಕ್ಷಿ ಶೆಡ್ಡು
ಆಗಸ್ಟ್ 25, 2019

ತಮ್ಮಾ ಇಲ್ಹೋಮ್,

ರಿಷ್ಟಾನಿನ ವಿಳಾಸಕ್ಕೆ ಬರೆಯುತ್ತಿದ್ದೇನೆ. ನಿನ್ನ ಮಗ ಕೂರುತ್ತಾನಾ, ತೆವಳುತ್ತಾನಾ? ಕಾಲು ಯಾರದ್ದು?

ನಿನ್ನ ತಪ್ಪು ಏನೂ ಇಲ್ಲ. ನೀನು ಎಲ್ಲ ಬರೆದಿದ್ದೆ, ನಾನು ಎಲ್ಲ ಓದಿದ್ದೆ. ಓದುವಾಗ ಅರ್ಥವಾಯಿತು, ಮಾಡುವಾಗ ಅಪ್ಪನ ಮಗನಾಗಿಬಿಟ್ಟೆ. ನಮ್ಮ ಊರಲ್ಲಿ ಯಾರನ್ನೇ ಕೇಳು, ಮನೆಗೆ ಬಂದವರ ಮುಂದೆ ಇರುವುದನ್ನೆಲ್ಲ ಇಡುವುದು ಗೊತ್ತು ಅನ್ನುತ್ತಾರೆ. ಮನೆಯವರೇ ಮನೆಗೆ ಬಂದರೆ ಏನು ಮಾಡಬೇಕೆಂದು ಯಾರೂ ಕಲಿಸಿಲ್ಲ. ಮನೆಯವರು ಅತಿಥಿಗಳ ಹಾಗೆ ಬರುವಂತಾಗುತ್ತದೆ ಅಂತ ಹಿರಿಯರಿಗೆ ಹೊಳೆದಿರಲಿಕ್ಕಿಲ್ಲ.

ಅವಳಿಗೆ ಏನು ಉತ್ತರ ಬರೆದೆ ಅಂತ ಕೇಳಬೇಡ. ಬರೆದೆ, ಓದಿ ನೋಡಿದೆ, ಬಟ್ಟಲು ಎತ್ತಿ ಮಾತಾಡಿದ ಹಾಗಿತ್ತು. ಹರಿದೆ. ನನಗೆ ಬರುವ ಮಾತೆಲ್ಲ ಮೇಜಿನ ಮಾತೇ ಅಂತ ಈ ವಯಸ್ಸಿಗೆ ಗೊತ್ತಾಯಿತು.

ಕಪ್ಪು ಚೀಲ ಎಸೆದ ತೊಟ್ಟಿಯ ಹತ್ತಿರ ಹೋಗಿದ್ದೆ, ನಗಬೇಡ. ಅಷ್ಟು ತಿಂಗಳ ಮೇಲೆ ಏನಿರುತ್ತದೆ. ಶೆಡ್ಡಿನ ಕಾವಲುಗಾರ, "ಏನು ಕಳ್ಕೊಂಡ್ರಿ ಯಜಮಾನ್ರೇ?" ಅಂದ. ದಿಂಬು ಅಂದೆ. ಒಳ್ಳೆಯವನು, ಒಳಗಿನಿಂದ ಒಂದು ಹೊಸ ದಿಂಬು ತಂದುಕೊಟ್ಟ.

ನನ್ನ ಹೊಸ ಜೋಡಿ ಯಾರೋ ಎಳೆಯವನು, ಕಿರ್ಗಿಜ್‌ನೋ ಏನೋ. ಬೂಟು ಹಾಕಿಕೊಂಡೇ ಒಳಗೆ ಬರುತ್ತಾನೆ, ನೆಲದ ಮೇಲೆ ಮಣ್ಣು. ಮೊದಲು ಕಾಗದ ಬರೆದು ಬೈಯೋಣ ಅಂದುಕೊಂಡೆ. ಆಮೇಲೆ ಬಿಟ್ಟೆ. ಬರಿ ಲಾರಿ ತಾನೇ.

ಮುಖ್ಯವಾದದ್ದು ಮರೆತೆ. ನನ್ನ ಅಂಕ ಈಗ ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲೆ. ಮೆತ್ತಗೆ ಓಡಿಸುವುದು ಒಮ್ಮೆ ಕಾಲಿಗೆ ಹತ್ತಿದರೆ ಬಿಡುವುದಿಲ್ಲ, ಅವಸರವೂ ಇಲ್ಲವಲ್ಲ. ಯೊಲಾಂತಾ ಸಂತೋಷದಲ್ಲಿ, "ಓತಾರ್, ನಿನಗೆ ಇಷ್ಟ ಅಂತ ಗೊತ್ತು, ಇನ್ನು ದ್ರಾಕ್ಷಿ ಮುಗಿಯೋವರೆಗೆ ನಿನಗೆ ತಾರಾಂತೊ ಖಾಯಂ" ಅಂದಳು. ಬೇಡ ಅನ್ನಲು ಕಾರಣ ಹೇಳಬೇಕಾಗುತ್ತಿತ್ತು. ಆಗಲಿ ಅಂದೆ. ಈಗ ಭಾನುವಾರ ಮಧ್ಯಾಹ್ನ, ಲಾರಿ ಹೊರಡುವಂತಿಲ್ಲ. ಬಸ್ಸು ಬಂತು, ಇಬ್ಬರು ಹುಡುಗರು ಇಳಿದರು, ಹೋಯಿತು.

ವ್ಯಾಪಾರ ಮುಚ್ಚುವಾಗ ಯಾರಿಗೆ ಏನು ಸಿಕ್ಕಿತೆಂದು ಬರೆದಿಡುವುದು ನನ್ನ ಅಭ್ಯಾಸ. ಬರೆಯುತ್ತೇನೆ.

ಕಂಪನಿಗೆ ಉಳಿದ ಡೀಸೆಲ್.
ತಾರಾಂತೊದ ಮುದುಕಿಗೆ ರಾತ್ರಿ ಕೂಗಿದರೆ ಬರುವವಳು.
ಮುದುಕಿಯ ತಂಗಿಗೂ ಅವಳೇ.
ನಿನಗೆ ಮಗ, ಸಣ್ಣ ಗಾಡಿ, ರಾತ್ರಿ ಮನೆ.
ಲಾಮಾರಾಳಿಗೆ, ಉಪ್ಪು ಎಲ್ಲಿದೆಯೆಂದು ಗೊತ್ತಿರುವ ಒಂದು ಅಡುಗೆಮನೆ.
ನನಗೆ ಎರಡು ಬಾಣಲೆ, ಒಂದು ನೀಲಿ ಬಟ್ಟಲು, ಮತ್ತು ತಾರಾಂತೊದ ದಾರಿ, ವಾರವಾರ.

ಓತಾರ್